ಮದ್ಯಸಾರವನ್ನು ಬಿಟ್ಟು ಸೀಸವನ್ನು ಹಿಡಿದ ಥಾಮಸ್ ಮಿಡ್ಜ್ಲಿ

ಪೆಟ್ರೋಲಿಗೆ ಎಥನಾಲ್ ಅಥವಾ ಮದ್ಯಸಾರವನ್ನು ಬೆರೆಸುವುದು ಇಂದು ನಿನ್ನೆಯ ಆಲೋಚನೆಯಲ್ಲ. ನೂರು ವರ್ಷಗಳ ಹಿಂದೆಯೇ ಅಮೆರಿಕದ ಎಂಜಿನಿಯರ್ ಒಬ್ಬರು ಅದನ್ನು ಪ್ರಯೋಗಶಾಲೆಯಲ್ಲೂ ರಸ್ತೆಯ ಮೇಲೂ ಪರೀಕ್ಷಿಸಿದ್ದರು. ಅದರ ಗುಣವನ್ನು ಬಲ್ಲವರಾಗಿದ್ದೂ ಅದನ್ನು ಬದಿಗಿಟ್ಟು, ಜಗತ್ತಿನ ವಾಹನಗಳಿಗೆಲ್ಲ ಸೀಸ ಬೆರೆತ ಪೆಟ್ರೋಲನ್ನು ಕುಡಿಸಿದವರೂ ಅವರೇ. ಅವರು ಥಾಮಸ್ ಮಿಡ್ಜ್ಲಿ.

ಮಿಡ್ಜ್ಲಿ ಹುಟ್ಟಿದ್ದು 1889ರ ಮೇ 18ರಂದು, ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಎಂಬಲ್ಲಿ. ತಂದೆಯೂ ಸಂಶೋಧಕರು. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಅವರು, 1916ರಲ್ಲಿ ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಬಳಗ ಸೇರಿದರು. ಮುಂದೆ ಈ ಪ್ರಯೋಗಶಾಲೆ ಜನರಲ್ ಮೋಟಾರ್ಸ್ ಕಂಪನಿಯ ಪಾಲಾಯಿತು.

ಬಡಿತದ ಬೆನ್ನು ಹತ್ತಿ

ಅವರಿಗೆ ಒಪ್ಪಿಸಲಾದ ಸಮಸ್ಯೆ ಎಂಜಿನ್ನಿನ ಬಡಿತ. ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಸಿಲಿಂಡರಿನಲ್ಲಿ ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಪಡೆಯಬಹುದು. ಆದರೆ ಒತ್ತಡ ಮಿತಿಮೀರಿದರೆ, ಕಿಡಿಯ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿದು ಎಂಜಿನ್ನನ್ನು ಹಾಳುಮಾಡುತ್ತದೆ. ಈ ಬಡಿತವನ್ನು ತಡೆಯುವ ಪದಾರ್ಥಕ್ಕಾಗಿ ಮಿಡ್ಜ್ಲಿ ವರ್ಷಗಟ್ಟಲೆ ಹುಡುಕಿದರು. ಅಯೋಡಿನ್ ಫಲ ನೀಡಿತಾದರೂ ದುಬಾರಿಯಾಗಿತ್ತು. ಅನಿಲಿನ್ ದುರ್ನಾತ ಬೀರುತ್ತಿತ್ತು.

ಮದ್ಯಸಾರ ಈ ಪರೀಕ್ಷೆಯಲ್ಲಿ ಗೆದ್ದಿತ್ತು. ಅದನ್ನು ಬೆರೆಸಿದ ಪೆಟ್ರೋಲಿಗೆ ಬಡಿತವಿಲ್ಲದೆ ಹೆಚ್ಚಿನ ಒತ್ತಡ ತಾಳುವ ಶಕ್ತಿ ಬರುತ್ತಿತ್ತು. 1921ರ ಅಕ್ಟೋಬರಿನಲ್ಲಿ ಮಿಡ್ಜ್ಲಿ ಶೇ. 30ರಷ್ಟು ಮದ್ಯಸಾರ ಬೆರೆತ ಇಂಧನ ತುಂಬಿದ ಕಾರಿನಲ್ಲಿ ಡೇಟನ್‌ನಿಂದ ಇಂಡಿಯಾನಾಪೊಲಿಸ್‌ಗೆ, ಎಂಜಿನಿಯರುಗಳ ಸಭೆಗೆ ತೆರಳಿದ್ದರು.

ಅದಾಗಿ ಎರಡು ತಿಂಗಳೊಳಗೆ, ಡಿಸೆಂಬರ್ 9ರಂದು, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಬಡಿತವನ್ನು ಅಡಗಿಸುವುದು ಪತ್ತೆಯಾಯಿತು. ಲೆಕ್ಕಾಚಾರ ಸರಳವಾಗಿತ್ತು. ಮದ್ಯಸಾರವನ್ನು ಹತ್ತರಲ್ಲೊಂದು ಪಾಲಿಗೂ ಮೀರಿ ಬೆರೆಸಬೇಕಿತ್ತು. ಸೀಸದ ಸಂಯುಕ್ತವಾದರೆ ಸಾವಿರಕ್ಕೊಂದು ಪಾಲೂ ಬೇಕಿರಲಿಲ್ಲ. ಮದ್ಯಸಾರವನ್ನು ಯಾವ ರೈತನೂ ಭಟ್ಟಿ ಇಳಿಸಬಲ್ಲ. ಸೀಸದ ಬಳಕೆಗೆ ಪೇಟೆಂಟ್ ಸಿಗುತ್ತಿತ್ತು. 1923ರ ಫೆಬ್ರವರಿಯಲ್ಲಿ ಸೀಸದ ಪೆಟ್ರೋಲ್ ಡೇಟನ್‌ನಲ್ಲಿ ಮಾರಾಟಕ್ಕೆ ಬಂದಿತು.

ವಿಷದ ಬೆಲೆ

ಅದೇ ವರ್ಷದ ಆರಂಭದಲ್ಲಿ ಸ್ವತಃ ಮಿಡ್ಜ್ಲಿಯವರೇ ಸೀಸದ ವಿಷದಿಂದ ಬಳಲಿ ವಿಶ್ರಾಂತಿಗೆ ತೆರಳಿದ್ದರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸ್ಥಾವರದಲ್ಲಿ ಐವರು ಕಾರ್ಮಿಕರು ಚಿತ್ತಭ್ರಮಣೆಗೊಳಗಾಗಿ ಸತ್ತರು. ಆಗ ಮಿಡ್ಜ್ಲಿ ಪತ್ರಕರ್ತರ ಎದುರು ಆ ದ್ರವದಲ್ಲಿ ಕೈ ತೊಳೆದು, ಅದರ ಆವಿಯನ್ನು ಮೂಸಿ ತೋರಿಸಿ, ಅಪಾಯವಿಲ್ಲವೆಂದು ನಂಬಿಸಲು ಯತ್ನಿಸಿದರು. 1925ರಲ್ಲಿ ನಿಂತ ಮಾರಾಟ ಮರುವರ್ಷವೇ ಮತ್ತೆ ಆರಂಭವಾಯಿತು.

ಮುಂದೆ ಮಿಡ್ಜ್ಲಿ ರೆಫ್ರಿಜರೇಟರಿಗಾಗಿ ಫ್ರಿಯಾನ್ ಅನಿಲವನ್ನು ರೂಪಿಸಿದರು. ಓಝೋನ್ ಪದರಕ್ಕೆ ಅದರಿಂದ ಕುತ್ತೆಂಬ ಎಚ್ಚರಿಕೆ ಮೂಡಿದ್ದು 1974ರಲ್ಲಿ. 1941ರಲ್ಲಿ ಪ್ರೀಸ್ಟ್ಲಿ ಪದಕ, 1944ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷ ಪದವಿ ಅವರಿಗೆ ಒಲಿದವು. 1940ರಲ್ಲಿ ಪೋಲಿಯೋ ತಗುಲಿ ನಡೆಯಲಾರದಾಗಿದ್ದ ಅವರು, ಹಾಸಿಗೆಯಿಂದ ಏಳಲು ಹಗ್ಗ ಮತ್ತು ರಾಟೆಗಳ ಸಾಧನವನ್ನು ತಾವೇ ಕಟ್ಟಿಕೊಂಡಿದ್ದರು. 1944ರ ನವೆಂಬರ್ 2ರಂದು ಅದೇ ಹಗ್ಗಗಳು ಕೊರಳಿಗೆ ಬಿಗಿದು ಅಸುನೀಗಿದರು. ಆಗ ಅವರಿಗೆ 55 ವರ್ಷ.

ಅವರ ಸೀಸ ಅವರಿಗಿಂತ ಬಹುಕಾಲ ಬಾಳಿತು. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ನಿಂತಿತು. ವಾಹನಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ 2021ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ಅದು ತಲೆಮಾರುಗಳ ಮಕ್ಕಳ ಬುದ್ಧಿಶಕ್ತಿಯನ್ನು ಕುಂದಿಸಿತ್ತು.

ಮಿಡ್ಜ್ಲಿ ಕೈಬಿಟ್ಟ ಮದ್ಯಸಾರ ಈಗ ಮರಳಿ ಬಂದಿದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ದೇಶದಲ್ಲಿ ಚಾಲನೆ ದೊರೆತದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿಯೇ. ಅದಕ್ಕೂ ದೋಷಗಳಿಲ್ಲದಿಲ್ಲ. ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಶಕ್ತಿ ಇರುವುದರಿಂದ ಮೈಲೇಜ್ ತಗ್ಗುತ್ತದೆ, ಹಳೆಯ ಎಂಜಿನ್ನುಗಳ ರಬ್ಬರ್ ಭಾಗಗಳು ಸವೆಯಬಹುದು, ತೇವವನ್ನೂ ಹೀರುತ್ತದೆ. ಎಥನಾಲಿನ ಖರೀದಿ ಬೆಲೆಯೇ ಏರಿದ್ದರಿಂದ ಬಂಕಿನಲ್ಲಿ ದರ ಇಳಿದಿಲ್ಲವೆಂಬ ಅಸಮಾಧಾನ 2025ರಲ್ಲಿ ವ್ಯಾಪಕವಾಗಿ ಕೇಳಿಬಂದಿತು. ಆದರೆ ಈ ನಷ್ಟವನ್ನು ವಾಹನದ ಮಾಲೀಕ ತನ್ನ ಜೇಬಿನಲ್ಲಿ ಎಣಿಸಬಲ್ಲ. ಸೀಸದಿಂದಾದ ನಷ್ಟವನ್ನು ಎಣಿಸಲು ಜಗತ್ತಿಗೆ ಅರ್ಧ ಶತಮಾನವೇ ಹಿಡಿಯಿತು.