ಅದಮಾರಿನಿಂದ ಆರ್ಯಭಟದವರೆಗೆ

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಾಗೇಪಲ್ಲಿ ಕಳೆದರೆ ಕೊಡಿಕೊಂಡ, ಅಲ್ಲಿಂದಾಚೆ ಆಂಧ್ರ. ಆ ಗಡಿಯೂರನ್ನು ದಾಟಿ ಉತ್ತರಕ್ಕೆ ಸಾಗಿದರೆ ಅನಂತಪುರ. ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ ಉಡುಪಿ ಕಡೆಯ ತರುಣರೊಬ್ಬರು ಮುಂದೆ ಭಾರತದ ಮೊದಲ ಉಪಗ್ರಹ ನಿರ್ಮಾಣದ ಮುಖ್ಯಸ್ಥರಾದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ಪ್ರೊ. ಯು. ಆರ್. ರಾವ್.

ಉಡುಪಿ ರಾಮಚಂದ್ರ ರಾಯರು ಜನಿಸಿದ್ದು 1932ರ ಮಾರ್ಚ್ 10ರಂದು, ಅದಮಾರಿನಲ್ಲಿ. ತಂದೆ ಲಕ್ಷ್ಮೀನಾರಾಯಣ ಆಚಾರ್ಯ, ತಾಯಿ ಕೃಷ್ಣವೇಣಿ ಅಮ್ಮ. ಮೊದಲು ಊರ ಶಾಲೆ, ಅನಂತರ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಇಂಟರ್‌ಮೀಡಿಯೆಟ್‌ಗೆ ಬಳ್ಳಾರಿಯ ವೀರಶೈವ ಕಾಲೇಜು, ಬಳಿಕ ಅನಂತಪುರ. ಆಗ ಈ ಊರುಗಳೂ ನಮ್ಮ ಕಾಸರಗೋಡೂ ಮದರಾಸು ಆಡಳಿತಕ್ಕೇ ಸೇರಿದ್ದವು. 1953ರಲ್ಲಿ ಅನಂತಪುರ ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ ಹೋದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ರಾಯರ ಓದು ಅಷ್ಟರಲ್ಲಿ ಈ ಗಡಿಗಳನ್ನೆಲ್ಲ ದಾಟಿಯಾಗಿತ್ತು.

ಕಾಶಿಯಲ್ಲಿ ಎಂ.ಎಸ್ಸಿ. ಮುಗಿಸಿ, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಬಳಿ ವಿಶ್ವಕಿರಣಗಳ ಮೇಲೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿದ್ದಾಗ ಮ್ಯಾರಿನರ್-2 ನೌಕೆಯ ಅಳತೆಗಳಿಂದ, ಸೌರಮಾರುತ ಎಡೆಬಿಡದೆ ಬೀಸುತ್ತದೆಂಬುದನ್ನು ಸಂಗಡಿಗರೊಡನೆ ದೃಢಪಡಿಸಿದರು. ಅಲ್ಲೇ ಉಳಿಯಬಹುದಿತ್ತು. 1966ರಲ್ಲಿ ಸ್ವದೇಶಕ್ಕೆ ಮರಳಿದರು.

1972ರಲ್ಲಿ ಉಪಗ್ರಹ ನಿರ್ಮಾಣದ ಹೊಣೆ ಅವರ ಹೆಗಲೇರಿತು. ಕೆಲಸ ಆರಂಭವಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಉಪಗ್ರಹ ಕಟ್ಟಿದ ಅನುಭವ ಅಲ್ಲಿದ್ದ ತರುಣರಲ್ಲಿ ಯಾರಿಗೂ ಇರಲಿಲ್ಲ. ಹಾಗಿದ್ದೂ 360 ಕಿಲೋಗ್ರಾಮಿನ ಆರ್ಯಭಟ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಆಕಾಶಕ್ಕೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಕಲಿತ ವಿದ್ಯೆ ಮಾತ್ರ ವ್ಯರ್ಥವಾಗಲಿಲ್ಲ. 1979ರಲ್ಲಿ ಭಾಸ್ಕರ, 1981ರಲ್ಲಿ ಆಪಲ್, ಹೀಗೆ ಒಂದರ ಹಿಂದೆ ಒಂದು ಉಪಗ್ರಹಗಳು ಬಂದವು.

1984ರಿಂದ 1994ರವರೆಗೆ ರಾಯರು ಇಸ್ರೋದ ಅಧ್ಯಕ್ಷರು. ಅವರ ಕಾಲದಲ್ಲಿ ಎ.ಎಸ್.ಎಲ್.ವಿ. ರಾಕೆಟ್ 1987ರಲ್ಲೂ 1988ರಲ್ಲೂ ವಿಫಲವಾಯಿತು. ಟೀಕೆಗಳು ಬಂದವು, ಕೆಲಸ ನಿಲ್ಲಲಿಲ್ಲ. 1992ರಲ್ಲಿ ಅದೇ ರಾಕೆಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

2017ರ ಜುಲೈ 24ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಅಲ್ಲಿಯ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು.

ಗಡಿನಾಡಿನ ಶಾಲೆಯಲ್ಲಿ ಓದಿ ಏನಾದೀತು ಎಂದು ನಮ್ಮ ಮಕ್ಕಳು ಆಗಾಗ ಕೇಳುವುದುಂಟು. ಅವರಿಗೆ ನಾವು ಅದಮಾರು, ಬಳ್ಳಾರಿ, ಅನಂತಪುರಗಳನ್ನು ಭೂಪಟದಲ್ಲಿ ತೋರಿಸುತ್ತೇವೆ. ಉಳಿದ ದಾರಿಯನ್ನು ಅವರೇ ಗುರುತಿಸಿಕೊಳ್ಳಲಿ.