ಸುಗಟೂರಿನ ಶೆಡ್ಡು, ಪದ್ಮಿನಿ ಎಂಜಿನ್ನು ಮತ್ತು ಸರ್ ಎಂ.ವಿ. ಅವರ ಕಾರ್ ಕಾರ್ಖಾನೆ

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ನಮ್ಮ ಕಾಲೇಜಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತಾರೆ. ಕನ್ನಂಬಾಡಿ ಕಟ್ಟೆ ಬಗ್ಗೆ ಒಂದು ಭಾಷಣ, ಸರ್ಕಾರದ ದೀಪ ಆರಿಸಿ ಸ್ವಂತ ದೀಪ ಹಚ್ಚಿದ ಕಥೆ, ಆಮೇಲೆ ಸಮೋಸ. ನಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಇರೋದೂ ಅವರ ಹೆಸರೇ. ಇಷ್ಟಾದರೂ ಅವರು ಕಾರ್ ಫ್ಯಾಕ್ಟರಿ ಮಾಡೋಕೆ ವರ್ಷಗಟ್ಟಲೆ ಓಡಾಡಿದ್ದರು ಅನ್ನೋದು ನಮಗೆ ಗೊತ್ತಾಗಿದ್ದು ಸ್ಟೇಜ್ ಮೇಲಿಂದ ಅಲ್ಲ, ಸುಗಟೂರಿನ ಒಂದು ಶೆಡ್ಡಿನಲ್ಲಿ.

ಸುಗಟೂರು ಕೋಲಾರ ತಾಲ್ಲೂಕಿನ ಊರು. ಒಂದು ಕಾಲಕ್ಕೆ ಪಾಳೇಗಾರರ ಊರು, ಈಗ ನಮ್ಮ ಕ್ಲಾಸ್‌ಮೇಟ್ ಒಬ್ಬನ ತಾತನ ಊರು. ಅಲ್ಲಿ ಟೊಮ್ಯಾಟೊ ಕ್ರೇಟುಗಳ ಹಿಂದೆ, ಟಾರ್ಪಾಲ್ ಅಡಿಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ನಿಂತಿತ್ತು. ಮೂರನೇ ಸೆಮ್ ಮುಗಿದ ರಜೆಯಲ್ಲಿ ಅದರ ಎಂಜಿನ್ ಬಿಚ್ಚಿ ಮತ್ತೆ ಕಟ್ಟೋಣ ಅಂತ ನಾವು ನಾಲ್ಕು ಜನ ಹೊರಟ್ವಿ. ತಾತನವರು ಮೊದಲ ದಿನವೇ ಒಂದು ಮಾತು ಅಂದರು: ಈ ಗಾಡಿ ಬಾಂಬೆಯಲ್ಲಿ ಆಗಿದ್ದು, ಆದರೆ ಬೆಂಗಳೂರಲ್ಲಿ ಆಗಬೇಕಿತ್ತು, ನಮ್ಮ ಜಿಲ್ಲೆಯವರೇ ಅದಕ್ಕೆ ಪ್ಲಾನ್ ಹಾಕಿದ್ದು ಅಂತ. ಊರ ಅಭಿಮಾನ ಇರಬೇಕು ಅಂದುಕೊಂಡ್ವಿ. ಕಾಲೇಜಿಗೆ ವಾಪಸ್ ಬಂದು ಲೈಬ್ರರಿಯಲ್ಲಿ ಹುಡುಕಿದ ಮೇಲೆ ನಾಚಿಕೆ ಆಯ್ತು. ಅವರು ಹೇಳಿದ್ದು ಸರಿಯಾಗೇ ಇತ್ತು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಮುದ್ದೇನಹಳ್ಳಿಯಲ್ಲಿ. ಇವತ್ತು ಅದು ಚಿಕ್ಕಬಳ್ಳಾಪುರ ಜಿಲ್ಲೆ, ಆದರೆ 2007ರವರೆಗೂ ಕೋಲಾರ ಜಿಲ್ಲೆಯೇ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ದುಡ್ಡಿಲ್ಲದೆ ಮನೆಪಾಠ ಹೇಳಿಕೊಂಡೇ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪಾಸಾದರು, ಮರುವರ್ಷವೇ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಪ್ಲೇಸ್‌ಮೆಂಟ್ ಟೆನ್ಷನ್ ಇಲ್ಲದ ಕಾಲ ಅನ್ನಬೇಡಿ, ಆಗ ಭಾರತೀಯನೊಬ್ಬನಿಗೆ ಆ ಕುರ್ಚಿ ಸಿಗೋದೇ ಅಪರೂಪ.

ಅಲ್ಲಿ ಅವರು ಮಾಡಿದ ಕೆಲಸಗಳಲ್ಲಿ ನಮಗೆ ತುಂಬಾ ಇಷ್ಟ ಆಗಿದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾದ ಗೇಟುಗಳು. ಜಲಾಶಯದಲ್ಲಿ ಇನ್ನೂ ಸುಮಾರು 8 ಅಡಿ ನೀರು ಹೆಚ್ಚಿಗೆ ನಿಲ್ಲಿಸಬೇಕು. ಸುಮ್ಮನೆ ಗೋಡೆ ಎತ್ತರಿಸಿದರೆ ಪ್ರವಾಹ ಬಂದಾಗ ಅಣೆಕಟ್ಟಿಗೇ ಅಪಾಯ. ಗೇಟು ಹಾಕಿದರೆ ಮಧ್ಯರಾತ್ರಿ ನೆರೆ ಬಂದಾಗ ಎತ್ತೋರು ಯಾರು? 1903ರಲ್ಲಿ ಅಲ್ಲಿ ಕೂರಿಸಿದ ಗೇಟುಗಳನ್ನು ಯಾರೂ ಎತ್ತಬೇಕಾಗಿರಲಿಲ್ಲ. ನೀರು ಒಂದು ಮಟ್ಟ ಮುಟ್ಟಿದಾಗ ಆ ನೀರೇ ತೂಕದ ಸಮತೋಲನ ಬದಲಿಸುತ್ತೆ, ಗೇಟು ತಾನಾಗೇ ತೆರೆಯುತ್ತೆ. ನೀರಿನ ಮಟ್ಟ ಇಳಿದರೆ ತಾನಾಗೇ ಮುಚ್ಚುತ್ತೆ. ಮೋಟಾರಿಲ್ಲ, ಸೆನ್ಸರಿಲ್ಲ. ಪೇಟೆಂಟ್ ಅವರ ಹೆಸರಲ್ಲಿ ಆಯ್ತು, ಆದರೆ ತಾನು ಸರ್ಕಾರಿ ನೌಕರ ಅಂತ ರಾಯಲ್ಟಿ ತಗೊಳ್ಳಲಿಲ್ಲ. ಮುಂದೆ ಗ್ವಾಲಿಯರ್‌ನ ತಿಗ್ರಾದಲ್ಲೂ ಕೆ.ಆರ್.ಎಸ್.ನಲ್ಲೂ ಅದೇ ಬಗೆಯ ಗೇಟು ಬಂತು.

ಇದನ್ನ ಓದಿದಾಗ ನಮಗೆ ನೆನಪಾಗಿದ್ದು ಕ್ಯಾಮ್‌ಶಾಫ್ಟ್. ಅದರದ್ದೂ ಇದೇ ಕೆಲಸ, ಸರಿಯಾದ ಹೊತ್ತಿಗೆ ಬಾಗಿಲು ತೆರೆದು ಸರಿಯಾದ ಹೊತ್ತಿಗೆ ಮುಚ್ಚೋದು. ಪದ್ಮಿನಿ ಎಂಜಿನ್ನು 1089 ಸಿ.ಸಿ., ಮೂಲದಲ್ಲಿ ಫಿಯೆಟ್ 1100ರದ್ದು. ಅದರ ಕ್ಯಾಮ್‌ಶಾಫ್ಟ್ ಮೇಲೆ ಇಲ್ಲ, ಬ್ಲಾಕ್ ಒಳಗಿದೆ. ಕ್ರ್ಯಾಂಕ್‌ನಿಂದ ಒಂದು ಚೈನ್ ಅದನ್ನ ತಿರುಗಿಸುತ್ತೆ. ಕ್ಯಾಮ್ ಉಬ್ಬು ಟ್ಯಾಪೆಟ್ ಎತ್ತುತ್ತೆ, ಟ್ಯಾಪೆಟ್ ಪುಶ್‌ರಾಡನ್ನ ಎತ್ತುತ್ತೆ, ಅದು ರಾಕರ್ ತಳ್ಳಿ ವಾಲ್ವ್ ತೆಗೆಸುತ್ತೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. ಅದಕ್ಕೇ ಕ್ಯಾಮ್ ಸ್ಪ್ರಾಕೆಟ್‌ನಲ್ಲಿ ಎರಡರಷ್ಟು ಹಲ್ಲು. ಥಿಯರಿ ಪೇಪರಲ್ಲಿ ಇದಕ್ಕೆ ನಮಗೆ ಹತ್ತಕ್ಕೆ ಒಂಬತ್ತು ಬಂದಿತ್ತು.

ಶೆಡ್ಡಿನಲ್ಲಿ ಬಂದಿದ್ದು ಸೊನ್ನೆ. ಒಂದನೇ ಸಿಲಿಂಡರ್ ಪಿಸ್ಟನ್ನನ್ನ ಟಿ.ಡಿ.ಸಿ.ಗೆ ತಂದ್ವಿ, ಎರಡೂ ಸ್ಪ್ರಾಕೆಟ್‌ಗಳ ಗುರುತು ಎದುರುಬದುರು ಬರೋ ಹಾಗೆ ಚೈನ್ ಹಾಕಿದ್ವಿ, ಕವರ್ ಮುಚ್ಚಿದ್ವಿ. ಕೈಯಲ್ಲಿ ಎರಡು ಸುತ್ತು ತಿರುಗಿಸಿ ಗುರುತನ್ನ ಇನ್ನೊಂದ್ಸಲ ನೋಡಬೇಕು ಅಂತ ಗೊತ್ತಿತ್ತು, ನೋಡಲಿಲ್ಲ. ಕರೆಂಟ್ ಹೋಗೋ ಟೈಮ್ ಆಗಿತ್ತು, ಹಸಿವೂ ಆಗಿತ್ತು. ಎಂಜಿನ್ ಗಾಡಿಗೆ ಕೂರಿಸಿ ಸೆಲ್ಫ್ ಹೊಡೆದರೆ ಕಾರ್ಬ್ಯುರೇಟರ್‌ನಿಂದ ಪಟಾಕಿ ತರ ಸದ್ದು, ಐಡ್ಲಿಂಗ್ ಇಲ್ಲವೇ ಇಲ್ಲ. ನಾವು ಸ್ಪಾರ್ಕ್ ಪ್ಲಗ್, ಪಾಯಿಂಟ್, ಪೆಟ್ರೋಲ್ ಎಲ್ಲವನ್ನೂ ಬೈದು ಮುಗಿಸಿದ್ವಿ. ಆ ರಜೆ ಅಲ್ಲಿಗೆ ಮುಗೀತು. ಮುಂದಿನ ಕಥೆ ಕೊನೆಗೆ ಹೇಳ್ತೀವಿ.

ಈಗ ಅವರ ಕಥೆಗೆ ಬರೋಣ. 1908ರಲ್ಲಿ ಬಾಂಬೆ ಕೆಲಸ ಬಿಟ್ಟರು. ಅದೇ ವರ್ಷ ಮೂಸಿ ನದಿಯ ಪ್ರವಾಹಕ್ಕೆ ತುತ್ತಾದ ಹೈದರಾಬಾದಿಗೆ ರಕ್ಷಣೆಯ ಯೋಜನೆ ಹಾಕಿಕೊಟ್ಟರು. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಕೆ.ಆರ್.ಎಸ್., ಮೈಸೂರು ಬ್ಯಾಂಕ್, ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ, 1917ರ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಇದೆಲ್ಲ ಭಾಷಣದಲ್ಲಿ ಕೇಳಿರ್ತೀರಿ. ಭಾಷಣದಲ್ಲಿ ಬಾರದ್ದು ಒಂದಿದೆ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡೋ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯ ಕೂಡಲಿಲ್ಲ. ಮಿಲ್ಲರ್ ಸಮಿತಿ ರಚನೆಯಾದ ಆ ವರ್ಷವೇ ಅವರು ದಿವಾನಗಿರಿ ಬಿಟ್ಟರು. ಈ ವಿಷಯದಲ್ಲಿ ಅವರು ಸರಿ ಇರಲಿಲ್ಲ ಅಂತ ನಮ್ಮಲ್ಲಿ ಮೂವರ ಅಭಿಪ್ರಾಯ, ಒಬ್ಬನದು ಬೇರೆ. ಹಾಸ್ಟೆಲಲ್ಲಿ ಇದರ ಮೇಲೆ ಒಂದು ರಾತ್ರಿ ಪೂರ್ತಿ ಹೋಗಿದೆ.

ಅಧಿಕಾರ ಬಿಟ್ಟವರು ಮನೆಯಲ್ಲಿ ಕೂರಲಿಲ್ಲ. 1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನ ನಡೆಸಿ ಒಂದು ದಾರಿಗೆ ತಂದರು. 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಒಂದು ಪುಸ್ತಕ ಬರೆದರು. ಆಗ ಶುರುವಾಗಿದ್ದು ಕಾರಿನ ಹುಚ್ಚು.

ಅವತ್ತು ಭಾರತದಲ್ಲಿ ಕಾರುಗಳು ಇರಲಿಲ್ಲ ಅಂತಲ್ಲ. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಇದ್ದವು. ಆದರೆ ಅವು ಮಾಡ್ತಿದ್ದಿದ್ದು ಜೋಡಣೆ ಅಷ್ಟೇ. ಬಿಡಿಭಾಗ ಹಡಗಲ್ಲಿ ಬರುತ್ತೆ, ಇಲ್ಲಿ ಬೋಲ್ಟ್ ಹಾಕ್ತಾರೆ. ಎಂಜಿನ್ ನಾವೇ ಮಾಡಬೇಕು ಅಂದರೆ ಕಥೆಯೇ ಬೇರೆ. ನಮ್ಮ ಕೈಯಲ್ಲಿದ್ದ ಆ ಒಂದು ಟೈಮಿಂಗ್ ಸ್ಪ್ರಾಕೆಟ್ ನೋಡಿ: ಅದಕ್ಕೆ ಒಳ್ಳೆ ಉಕ್ಕು ಬೇಕು, ಹಲ್ಲು ಕೊರೆಯೋ ಮೆಷಿನ್ ಬೇಕು, ಹೀಟ್ ಟ್ರೀಟ್‌ಮೆಂಟ್ ಬೇಕು, ಕೀ ಸ್ಲಾಟ್ ಎಷ್ಟು ಡಿಗ್ರಿಯಲ್ಲಿರಬೇಕು ಅಂತ ಅಳೆಯೋಕೆ ಬರೋ ಕೆಲಸಗಾರ ಬೇಕು. ಒಂದು ಕಾರ್ ಕಾರ್ಖಾನೆ ಅಂದರೆ ಅದರ ಸುತ್ತ ನೂರು ಸಣ್ಣ ವರ್ಕ್‌ಶಾಪು. ಅವರಿಗೆ ಬೇಕಾಗಿದ್ದು ಬರೀ ಕಾರಲ್ಲ, ಇದೆಲ್ಲ ಇಲ್ಲಿ ಹುಟ್ಟಬೇಕು ಅನ್ನೋದು.

1935ರಲ್ಲಿ ಅವರು ಹಡಗು ಹತ್ತಿ ಯೂರೋಪು, ಅಮೆರಿಕಾಗಳಿಗೆ ಹೋಗಿ ಕಾರ್ ಕಾರ್ಖಾನೆಗಳನ್ನ ನೋಡಿದರು. ಡೆಟ್ರಾಯಿಟ್‌ಗೂ ಹೋದರು. ಆಗ ವಯಸ್ಸು 74. ನಾವು 19ಕ್ಕೇ ಬೆಂಗಳೂರಿಂದ ಕೋಲಾರಕ್ಕೆ ಬಸ್ಸಲ್ಲಿ ನಿಂತುಕೊಂಡು ಹೋಗೋಕೆ ಗೊಣಗ್ತೀವಿ. ವಾಪಸ್ ಬಂದು 1936ರಲ್ಲಿ ಬಾಂಬೆಯಲ್ಲಿ ಕಾರ್ಖಾನೆ ಸ್ಥಾಪಿಸುವ ಯೋಜನೆ ಸಿದ್ಧ ಮಾಡಿದರು. ಜೊತೆಗೆ ನಿಂತವರು ಉದ್ಯಮಿ ವಾಲ್‌ಚಂದ್ ಹಿರಾಚಂದ್. ಬಾಂಬೆಯಲ್ಲಿ 1937ರಲ್ಲಿ ಬಂದ ಕಾಂಗ್ರೆಸ್ ಮಂತ್ರಿಮಂಡಲ ಬೆಂಬಲ ಕೊಡೋಕೆ ತಯಾರಿತ್ತು. ಆದರೆ ಯುದ್ಧ ಶುರುವಾಗಿ 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಒಂದು ಬಾಗಿಲು ಮುಚ್ಚಿತು.

ಆಮೇಲೆ ಮೈಸೂರಿನ ಕಡೆ ತಿರುಗಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಮನಸ್ಸಿತ್ತು. ಬೆಂಗಳೂರಲ್ಲೇ ಕಾರ್ಖಾನೆ ಆಗುತ್ತೆ ಅನ್ನೋವರೆಗೂ ಬಂತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧದ ಹೊತ್ತಲ್ಲಿ ಇದಕ್ಕೆ ಸಾಮಗ್ರಿ, ಡಾಲರ್ ಕೊಡೋಕಾಗಲ್ಲ ಅನ್ನೋ ನೆಪ, ಆ ಒತ್ತಡಕ್ಕೆ ಮೈಸೂರು ಹಿಂದೆ ಸರಿಯಿತು. 1941ರಲ್ಲಿ ಮಿರ್ಜಾ ಅವರೂ ದಿವಾನಗಿರಿ ಬಿಟ್ಟರು. ಯುದ್ಧ ಅಂದರೇನೇ ಲಾರಿ ಬೇಕು, ಎಂಜಿನ್ ಬೇಕು. ಆಗ ಇಲ್ಲೇ ಕಾರ್ಖಾನೆ ಮಾಡ್ತೀವಿ ಅಂದವರಿಗೆ ಬೇಡ ಅಂದಿದ್ದು ಯಾವ ಲೆಕ್ಕ ಅಂತ ನಮಗೆ ಇವತ್ತಿಗೂ ಅರ್ಥ ಆಗಿಲ್ಲ. ಅರ್ಥ ಆಗುತ್ತೆ, ಅದಕ್ಕೇ ಸಿಟ್ಟು.

ಇದರಲ್ಲಿ ಒಂದು ವಿಚಿತ್ರ ಇದೆ. ಕಾರಿನ ಕೆಲಸಕ್ಕೆ ಅಂತ ಅಮೆರಿಕಾಗೆ ಹೋಗಿ ವಾಪಸ್ ಬರ್ತಿದ್ದ ವಾಲ್‌ಚಂದ್‌ಗೆ ವಿಮಾನದಲ್ಲಿ ವಿಲಿಯಂ ಪಾಲಿ ಅನ್ನೋ ಅಮೆರಿಕನ್ ಸಿಕ್ಕಿದರು, ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸ್ತಿದ್ದವರು. ಆ ಪರಿಚಯದಿಂದ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯ್ತು, ಇವತ್ತಿನ ಎಚ್.ಎ.ಎಲ್. ಕಾರು ಕೇಳಿದ ಊರಿಗೆ ವಿಮಾನ ಬಂತು. ಕಾರು ಮಾತ್ರ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಅನ್ನೋ ಹೆಸರಲ್ಲಿ ಬಾಂಬೆಯ ಕುರ್ಲಾಗೆ ಹೋಯ್ತು. ಮೊದಲು ಕ್ರೈಸ್ಲರ್ ಜೊತೆ, ಆಮೇಲೆ ಫಿಯೆಟ್ ಜೊತೆ. 1970ರ ದಶಕದಲ್ಲಿ ಅದೇ ಫಿಯೆಟ್‌ಗೆ ಪದ್ಮಿನಿ ಅಂತ ಹೆಸರಾಯ್ತು. ಸುಗಟೂರಿನ ಟಾರ್ಪಾಲ್ ಅಡಿ ಇದ್ದಿದ್ದು ಅದೇ.

ಸರ್ ಎಂ.ವಿ. ಈ ಸೋಲಿನ ಬಗ್ಗೆ ಅಳುತ್ತಾ ಕೂತಂತೆ ಕಾಣಲ್ಲ. 1941ರಲ್ಲೇ ದೇಶದ ಉತ್ಪಾದಕರ ಸಂಘವೊಂದನ್ನ ಕಟ್ಟಿ ಅದರ ಅಧ್ಯಕ್ಷರಾದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಇನ್ನು ನಮ್ಮ ಎಂಜಿನ್. ಮುಂದಿನ ರಜೆಯಲ್ಲಿ ತಾತನವರು ಕೋಲಾರದಿಂದ ಒಬ್ಬ ಹಳೇ ಮೆಕ್ಯಾನಿಕ್ಕನ್ನ ಕರೆಸಿದರು. ಅವರು ಚೈನ್ ಕವರ್ ಮುಟ್ಟಲೇ ಇಲ್ಲ. ಮೇಲಿನ ವಾಲ್ವ್ ಕವರ್ ತೆಗೆಸಿ, ಒಂದನೇ ಸಿಲಿಂಡರನ್ನ ಕಂಪ್ರೆಷನ್‌ನ ಟಿ.ಡಿ.ಸಿ.ಗೆ ತಂದು ನಾಲ್ಕನೇದರ ರಾಕರ್ ನೋಡ್ರಪ್ಪಾ ಅಂದರು. ಆಗ ನಾಲ್ಕನೇ ಸಿಲಿಂಡರಲ್ಲಿ ಒಂದು ವಾಲ್ವ್ ಮುಚ್ಚುತ್ತಾ ಇರಬೇಕು, ಇನ್ನೊಂದು ತೆರೆಯೋಕೆ ಶುರು ಮಾಡಿರಬೇಕು. ಕ್ರ್ಯಾಂಕನ್ನ ಸ್ವಲ್ಪ ಹಿಂದೆ ಮುಂದೆ ಆಡಿಸಿದರೆ ಎರಡು ರಾಕರೂ ತಕ್ಕಡಿ ತರ ಆಡಬೇಕು. ನಮ್ಮದರಲ್ಲಿ ಒಂದು ಆಗಲೇ ಪೂರ್ತಿ ಮುಚ್ಚಿ ಸುಮ್ಮನೆ ನಿಂತಿತ್ತು. ಚೈನ್ ಒಂದು ಹಲ್ಲು ತಪ್ಪಿತ್ತು. ಒಂದು ಹಲ್ಲು ಅಂದರೆ ಏನು ಮಹಾ ಅನ್ನಬೇಡಿ. ಕ್ಯಾಮ್ ಸ್ಪ್ರಾಕೆಟ್‌ನಲ್ಲಿ 40 ಹಲ್ಲು ಇದೆ ಅಂದುಕೊಳ್ಳಿ, ಒಂದು ಹಲ್ಲಿಗೆ ಕ್ಯಾಮ್ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ.

ಗುರುತನ್ನ ನಾವು ಪಕ್ಕದಿಂದ ಬಗ್ಗಿ ನೋಡಿದ್ವಿ, ನೇರ ಎದುರಿಂದ ನೋಡಿರಲಿಲ್ಲ. ಚೈನಿನ ಸಡಿಲ ಭಾಗ ಬಿಗಿಯಾಗಿದ್ದೇ ಕ್ಯಾಮ್ ಸರಿದಿತ್ತು. ಈ ಸಲ ಎರಡು ಸ್ಪ್ರಾಕೆಟ್‌ಗಳ ಮಧ್ಯಬಿಂದುವಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಎರಡೂ ಗುರುತು ಅದೇ ಗೆರೆಯಲ್ಲಿವೆಯಾ ಅಂತ ನೋಡಿದ್ವಿ. ಎರಡು ಸುತ್ತು ಕೈಯಲ್ಲಿ ತಿರುಗಿಸಿ ಮತ್ತೆ ನೋಡಿದ್ವಿ. ನಾಲ್ವರೂ ಸರದಿಯಲ್ಲಿ ನೋಡಿ ಸರಿ ಅಂದ ಮೇಲೇ ಕವರ್ ಹಾಕಿದ್ದು. ಆಮೇಲೆ ಟ್ಯಾಪೆಟ್ ಗ್ಯಾಪು, ಇಗ್ನಿಷನ್ನು.

ಮೂರನೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು. ಟ್ಯಾಪೆಟ್ ಸದ್ದು ಇನ್ನೂ ಇದೆ. ತಾತನವರು ಶರ್ಟ್ ಬದಲಾಯಿಸಿಕೊಂಡು ಬಂದು ಮುಂದಿನ ಸೀಟಲ್ಲಿ ಕೂತರು. ಮುದ್ದೇನಹಳ್ಳಿವರೆಗೂ ಹೋಗಿ ಬರೋಣ ಅಂದ್ವಿ. ರೇಡಿಯೇಟರ್ ಲೀಕ್ ಆಗ್ತಿದ್ದರಿಂದ ಊರ ಕೆರೆ ಏರಿವರೆಗೆ ಹೋಗಿ, ಎರಡು ಬಾಟಲಿ ನೀರು ಹಾಕಿಕೊಂಡು ವಾಪಸ್ ಬಂದ್ವಿ.