ತನ್ನ ಬುದ್ಧಿಯನ್ನೇ ತೂಗಿ ನೋಡಿದ ಬೆಂಜಮಿನ್ ಫ್ರಾಂಕ್ಲಿನ್

ಅಮೆರಿಕದ ನೂರು ಡಾಲರ್ ನೋಟನ್ನು ನೋಡಿದವರೆಲ್ಲ ಬೆಂಜಮಿನ್ ಫ್ರಾಂಕ್ಲಿನ್ ಅವರ ಮುಖವನ್ನು ನೋಡಿರುತ್ತಾರೆ. ಗಾಳಿಪಟ ಮತ್ತು ಮಿಂಚಿನ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಪಾಠಪುಸ್ತಕದಿಂದಲೇ ಗೊತ್ತು. ಆದರೆ ಅವರು ಜೀವನದುದ್ದಕ್ಕೂ ನಡೆಸಿದ ಇನ್ನೊಂದು ಪ್ರಯೋಗದ ಬಗ್ಗೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಮನುಷ್ಯನ ಬುದ್ಧಿ ಎಲ್ಲಿ ಎಡವುತ್ತದೆ, ಎಡವದಂತೆ ಏನು ಮಾಡಬಹುದು ಎಂಬುದೇ ಆ ಪ್ರಯೋಗ.

ಫ್ರಾಂಕ್ಲಿನ್ 1706ರ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಜನಿಸಿದರು. ತಂದೆ ಸಾಬೂನು, ಮೇಣದಬತ್ತಿ ಮಾಡುವವರು. ಅವರ 17 ಮಕ್ಕಳಲ್ಲಿ ಇವರು 15ನೆಯವರು. ಶಾಲೆಗೆ ಹೋದದ್ದು ಎರಡೇ ವರ್ಷ. 12ನೆಯ ವಯಸ್ಸಿಗೆ ಅಣ್ಣ ಜೇಮ್ಸ್ ಅವರ ಮುದ್ರಣಾಲಯ ಸೇರಿದರು. 1723ರಲ್ಲಿ ಅಣ್ಣನೊಡನೆ ಜಗಳವಾಗಿ ಫಿಲಡೆಲ್ಫಿಯಾಕ್ಕೆ ಓಡಿಹೋದರು.

ಹುಡುಗನಾಗಿದ್ದಾಗ ಅವರಿಗೆ ವಾದ ಮಾಡುವ ಚಟವಿತ್ತು. ವಾದದಲ್ಲಿ ಗೆಲ್ಲುವುದು ಬೇರೆ, ಸತ್ಯ ತಿಳಿಯುವುದು ಬೇರೆ ಎಂದು ಕ್ರಮೇಣ ಅರಿವಾಯಿತು. 1727ರಲ್ಲಿ ಗೆಳೆಯರನ್ನು ಸೇರಿಸಿ ಜುಂಟೊ ಎಂಬ ಚರ್ಚಾಕೂಟ ಕಟ್ಟಿದರು. ಪ್ರತಿ ಶುಕ್ರವಾರ ಸಂಜೆ ಸಭೆ. ತನ್ನ ಮಾತೇ ಖಂಡಿತ ಎಂದು ಹಟ ಹಿಡಿದವರಿಗೂ ಇನ್ನೊಬ್ಬರ ಮಾತನ್ನು ನೇರವಾಗಿ ತಳ್ಳಿಹಾಕಿದವರಿಗೂ ಅಲ್ಲಿ ಸಣ್ಣ ದಂಡ ಬೀಳುತ್ತಿತ್ತು. (ಈ ನಿಯಮ ನಮ್ಮ ಮನೆಗಳಲ್ಲಿ ಜಾರಿಗೆ ಬಂದರೆ ಹುಂಡಿ ಬೇಗ ತುಂಬೀತು!)

ಇಷ್ಟೆಲ್ಲ ಎಚ್ಚರ ಇದ್ದವರಿಗೂ ಒಂದು ದೊಡ್ಡ ಪೆಟ್ಟು ಕಾದಿತ್ತು. ಆಗ ಸಿಡುಬಿಗೆ ಇಂದಿನಂಥ ಲಸಿಕೆ ಇರಲಿಲ್ಲ. ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮದ ಗೀರಿಗೆ ಹಚ್ಚುತ್ತಿದ್ದರು. ಹಾಗೆ ಬಂದ ಸಿಡುಬು ಸಾಮಾನ್ಯವಾಗಿ ಸೌಮ್ಯವಾಗಿರುತ್ತಿತ್ತು, ಆದರೂ ಕೆಲವರು ಸಾಯುತ್ತಿದ್ದರು. 1721ರಲ್ಲಿ ಬಾಸ್ಟನ್‌ನಲ್ಲಿ ಸಿಡುಬು ಹರಡಿದಾಗ ರೋಗ ತಾನಾಗಿ ಬಂದವರಲ್ಲಿ ಸುಮಾರು ಏಳಕ್ಕೆ ಒಬ್ಬರು ಸತ್ತರು. ಕೀವು ಹಚ್ಚಿಸಿಕೊಂಡ ಸುಮಾರು 240 ಜನರಲ್ಲಿ ಸತ್ತವರು 6 ಮಂದಿ. ಆದರೂ ಅಣ್ಣನ ಪತ್ರಿಕೆ ಈ ಪದ್ಧತಿಯನ್ನು ಹೀಗಳೆಯಿತು. ಫ್ರಾಂಕ್ಲಿನ್ ಆಗ ಅಲ್ಲೇ ಕೆಲಸ ಕಲಿಯುತ್ತಿದ್ದ ಹುಡುಗ.

ಮುಂದೆ ಅವರು ಈ ಪದ್ಧತಿಯನ್ನು ಪೂರ್ತಿ ಒಪ್ಪಿಕೊಂಡರು. ಆದರೆ ಸ್ವಂತ ಮಗ ಫ್ರಾನ್ಸಿಸ್‌ಗೆ ಭೇದಿಯಾಗಿತ್ತೆಂದು ಸ್ವಲ್ಪ ತಡೆದರು. ಅಷ್ಟರಲ್ಲಿ ಸಿಡುಬು ಬಂತು. 1736ರ ನವೆಂಬರ್‌ನಲ್ಲಿ ನಾಲ್ಕು ವರ್ಷದ ಮಗು ತೀರಿಕೊಂಡಿತು. ಕೀವು ಹಚ್ಚಿಸಿದ್ದರಿಂದಲೇ ಮಗು ಸತ್ತಿತೆಂದು ಊರಲ್ಲಿ ಗುಲ್ಲೆದ್ದಿತು. ಆ ದುಃಖದಲ್ಲೇ ಫ್ರಾಂಕ್ಲಿನ್ ತಮ್ಮ ಪತ್ರಿಕೆಯಲ್ಲಿ ಅದು ನಿಜವಲ್ಲ, ಹಚ್ಚಿಸಿರಲೇ ಇಲ್ಲ ಎಂದು ಪ್ರಕಟಿಸಿದರು. ಮೌನವಾಗಿದ್ದರೆ ಇತರ ತಂದೆತಾಯಿಯರು ಹೆದರಿ ಹಿಂಜರಿಯುತ್ತಿದ್ದರು. ತಾನು ಮಾಡಿದ್ದರಿಂದ ಮಗುವಿಗೆ ಕೇಡಾದೀತೆಂಬ ಭಯವೇ ನಮಗೆ ದೊಡ್ಡದು. ಮಾಡದೆ ಬಿಟ್ಟದ್ದರಿಂದ ಆಗುವ ಕೇಡು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡು ಕಡೆಯ ಅಪಾಯವನ್ನೂ ಅಳೆದು, ಕಡಿಮೆ ಇರುವುದನ್ನು ಆರಿಸಿ ಎಂದು ಅವರು ಆತ್ಮಕಥೆಯಲ್ಲಿ ಪೋಷಕರಿಗೆ ಹೇಳಿದ್ದಾರೆ. 1759ರಲ್ಲಿ ಬಾಸ್ಟನ್‌ನ ಅಂಕಿಅಂಶಗಳನ್ನು ಕೊಟ್ಟು ಲಂಡನ್‌ನ ವೈದ್ಯ ಹೆಬರ್ಡನ್ ಅವರೊಡನೆ ಒಂದು ಪುಸ್ತಿಕೆಯನ್ನೂ ತಂದರು.

1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಹೊಸ ಕೆಲಸ ಒಪ್ಪಿಕೊಳ್ಳಲೇ ಬೇಡವೇ ಎಂದು ಇವರ ಸಲಹೆ ಕೇಳಿದರು. ಫ್ರಾಂಕ್ಲಿನ್ ಏನು ಮಾಡಬೇಕೆಂದು ಹೇಳಲಿಲ್ಲ, ಹೇಗೆ ನಿರ್ಧರಿಸಬೇಕೆಂದು ಬರೆದರು. ಕಾಗದದ ನಡುವೆ ಗೆರೆ ಎಳೆದು ಒಂದು ಕಡೆ ಅನುಕೂಲ, ಇನ್ನೊಂದು ಕಡೆ ಅನನುಕೂಲ ಬರೆಯುವುದು. ಒಂದೇ ದಿನವಲ್ಲ, ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಸೇರಿಸುವುದು. ಬಳಿಕ ಸಮ ತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕುವುದು. ಈ ಕಡೆಯ ಒಂದು ಕಾರಣ ಆ ಕಡೆಯ ಎರಡಕ್ಕೆ ಸಮವಾದರೆ ಮೂರನ್ನೂ ಹೊಡೆಯುವುದು. ಕೊನೆಗೆ ಉಳಿದದ್ದನ್ನು ನೋಡುವುದು. ಕಿರಾಣಿ ಲೆಕ್ಕದಂತೆ ಕಾಣುತ್ತದೆ, ನಿಜ. ಆದರೆ ಒಂದು ಸಲಕ್ಕೆ ಒಂದೇ ಕಾರಣ ಮನಸ್ಸನ್ನು ತುಂಬಿಕೊಂಡು ಉಳಿದವನ್ನು ಮರೆಸುತ್ತದೆ ಎಂಬುದು ಅವರು ಕಂಡುಕೊಂಡ ವಿಷಯ. ಮರುವರ್ಷ ಪ್ರೀಸ್ಟ್ಲಿ ಆ ಕೆಲಸ ಸೇರಿದರು.

1784ರಲ್ಲಿ ಅವರು ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿ. ಪ್ಯಾರಿಸ್‌ನಲ್ಲಿ ಮೆಸ್ಮರ್ ಎಂಬ ವೈದ್ಯರ ಕಾಣದ ಕಾಂತಶಕ್ತಿಯ ಚಿಕಿತ್ಸೆಗೆ ಜನ ಮುಗಿಬೀಳುತ್ತಿದ್ದರು. ರಾಜ 16ನೇ ಲೂಯಿ ನೇಮಿಸಿದ ತನಿಖಾ ಸಮಿತಿಯಲ್ಲಿ ಲಾವೋಸಿಯೆ ಅವರೊಡನೆ ಫ್ರಾಂಕ್ಲಿನ್ ಕೂಡ ಇದ್ದರು. ಇವರಿಗೆ ಅನಾರೋಗ್ಯ, ಹಾಗಾಗಿ ಕೆಲವು ಪರೀಕ್ಷೆಗಳು ಇವರ ಮನೆಯಲ್ಲೇ ನಡೆದವು. ಮೆಸ್ಮರ್ ಅವರ ಶಿಷ್ಯ ತೋಟದ ಒಂದು ಏಪ್ರಿಕಾಟ್ ಮರಕ್ಕೆ ಶಕ್ತಿ ತುಂಬಿದರು. 12 ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಬೇರೆ ಮರಗಳ ಬಳಿಗೆ ಕರೆದೊಯ್ದರು. ನಾಲ್ಕನೆಯ ಮರದ ಹತ್ತಿರ ಹುಡುಗ ಪ್ರಜ್ಞೆ ತಪ್ಪಿದ. ಶಕ್ತಿ ತುಂಬಿದ ಮರ ಇನ್ನೂ ದೂರದಲ್ಲಿತ್ತು! ಹುಡುಗ ನಟಿಸಲಿಲ್ಲ; ನಂಬಿಕೆಯೇ ಅವನನ್ನು ಬೀಳಿಸಿತ್ತು. ಇಂದು ಹೊಸ ಔಷಧಿಯನ್ನು ಪರೀಕ್ಷಿಸುವಾಗ ಯಾರಿಗೆ ನಿಜವಾದ ಮಾತ್ರೆ ಸಿಕ್ಕಿದೆ ಎಂಬುದನ್ನು ಗುಟ್ಟಾಗಿಡುವುದೂ ಇದೇ ಕಾರಣಕ್ಕೆ.

ಅವರ ತೀರ್ಮಾನಗಳೆಲ್ಲ ಸರಿಯಿದ್ದವೆಂದಲ್ಲ. ಬಹುಕಾಲ ಅವರ ಮನೆಯಲ್ಲಿ ಗುಲಾಮರಿದ್ದರು, ಅವರ ಪತ್ರಿಕೆ ಗುಲಾಮರ ಮಾರಾಟದ ಜಾಹೀರಾತುಗಳನ್ನು ಅಚ್ಚು ಹಾಕುತ್ತಿತ್ತು. ಈ ವಿಷಯದಲ್ಲಿ ಅವರು ಬದಲಾದದ್ದು ನಿಧಾನವಾಗಿ. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. 1790ರ ಫೆಬ್ರುವರಿಯಲ್ಲಿ ಆ ಪದ್ಧತಿ ನಿಲ್ಲಿಸಬೇಕೆಂದು ಕೋರುವ ಅರ್ಜಿಗೆ ಸಹಿ ಹಾಕಿ ಅಮೆರಿಕದ ಕಾಂಗ್ರೆಸ್ಸಿಗೆ ಕಳಿಸಿದರು. ಕಾಂಗ್ರೆಸ್ ಅದಕ್ಕೆ ಒಪ್ಪಲಿಲ್ಲ.

ಅದೇ ವರ್ಷ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ ಫ್ರಾಂಕ್ಲಿನ್ ತೀರಿಕೊಂಡರು. ಫಿಲಡೆಲ್ಫಿಯಾದ ಕ್ರೈಸ್ಟ್ ಚರ್ಚ್ ಸ್ಮಶಾನದಲ್ಲಿ ಪತ್ನಿ ಡೆಬೊರಾ ಮತ್ತು ಅವರ ಸಮಾಧಿ ಇದೆ. ಪಕ್ಕದಲ್ಲೇ ಪುಟ್ಟ ಫ್ರಾನ್ಸಿಸ್‌ನ ಸಮಾಧಿ.